ವಠಾರಗಳ ನಡುವೆ ಒಂದು ರಂಗಮಂದಿರ

1927ರಲ್ಲಿ ನ್ಯೂಯಾರ್ಕಿನ ಗ್ರಾಂಡ್ ಸ್ಟ್ರೀಟಿನಲ್ಲಿದ್ದ ನೇಬರ್‌ಹುಡ್ ಪ್ಲೇಹೌಸ್ ನಾಟಕವಾಡುವುದನ್ನು ನಿಲ್ಲಿಸಿತು. ನಾಟಕ ಕಂಪನಿ ಮುಚ್ಚುವುದು ಹೊಸ ಸಂಗತಿಯಲ್ಲ. ಪ್ರೇಕ್ಷಕರು ಕೈಬಿಟ್ಟರೆ, ಸಾಲ ಕುತ್ತಿಗೆಗೆ ಬಂದರೆ, ನಟರು ಜಗಳವಾಡಿಕೊಂಡು ಚದುರಿದರೆ ಯಾವ ಕಂಪನಿಯೂ ಉಳಿಯುವುದಿಲ್ಲ. ಇಲ್ಲಿ ಹಾಗೇನೂ ಆಗಿರಲಿಲ್ಲ. ಹಿಂದಿನ ಎರಡು ಮೂರು ವರ್ಷಗಳಲ್ಲಿ ಅದು ಆಡಿದ ನಾಟಕಗಳು ಊರ ಬಾಯಲ್ಲಿದ್ದವು. ವೃತ್ತಿನಾಟಕಗಳ ಬೀಡಾದ ಬ್ರಾಡ್‌ವೇಯ ರುಚಿ ಕಂಡ ಪ್ರೇಕ್ಷಕರು ಬಡವರ ಕೇರಿಯವರೆಗೂ ಹುಡುಕಿಕೊಂಡು ಬರುತ್ತಿದ್ದರು. ಹೆಸರು ಹೀಗೆ ಏರಿ ನಿಂತ ಹೊತ್ತಿನಲ್ಲೇ ಅದನ್ನು ಕಟ್ಟಿದವರು ಪರದೆ ಇಳಿಸಿದರು.

ಕಟ್ಟಿದವರು ಅಕ್ಕ ತಂಗಿಯರು: ಆಲಿಸ್ ಲೂಯಿಸನ್ ಮತ್ತು ಐರೀನ್ ಲೂಯಿಸನ್. ಇಬ್ಬರೂ ಶ್ರೀಮಂತ ಯೆಹೂದಿ ಮನೆತನದ ಹೆಣ್ಣುಮಕ್ಕಳು. ಸಮಾಜಸೇವೆಯ ಸ್ವಯಂಸೇವಕಿಯರಾಗಿ ಒಂದು ಬಡಾವಣೆಗೆ ಬಂದವರು, ಅಲ್ಲಿನ ಮಕ್ಕಳಿಗೆ ಕುಣಿತ, ಅಭಿನಯ ಹೇಳಿಕೊಡುತ್ತಾ ಕೊನೆಗೆ ಅಮೆರಿಕದ ರಂಗಭೂಮಿಯ ಚರಿತ್ರೆಯೊಳಕ್ಕೇ ನಡೆದುಹೋದರು. ಅವರ ಹನ್ನೆರಡು ವರ್ಷಗಳ ರಂಗಮಂದಿರ ಏಕೆ ಗೆದ್ದಿತು, ಗೆದ್ದ ಮೇಲೆ ಏಕೆ ನಿಂತಿತು ಎಂದು ತಿಳಿಯಬೇಕಾದರೆ ಕಥೆಯನ್ನು ನಾಟಕದಿಂದಲ್ಲ, ಒಬ್ಬ ಬಾಣಂತಿಯ ಮನೆಯಿಂದ ಶುರು ಮಾಡಬೇಕು.

ಲಡ್ಲೋ ಸ್ಟ್ರೀಟಿನ ಬಾಣಂತಿ

1881ರಲ್ಲಿ ರಷ್ಯದ ಝಾರ್ ಎರಡನೆಯ ಅಲೆಕ್ಸಾಂಡರನ ಕೊಲೆಯಾಯಿತು. ಆಮೇಲೆ ಆ ಸಾಮ್ರಾಜ್ಯದ ಯೆಹೂದಿಗಳ ಮೇಲೆ ಗುಂಪುದಾಳಿಗಳು ಶುರುವಾದವು. ಮನೆ ಸುಟ್ಟುಹೋದವರು, ಕಸುಬಿಗೆ ಕಾನೂನೇ ಅಡ್ಡ ಬಂದವರು, ಮಗನನ್ನು ಸೈನ್ಯಕ್ಕೆ ಎಳೆದೊಯ್ಯುತ್ತಾರೆಂದು ಹೆದರಿದವರು ಹಡಗು ಹತ್ತಿದರು. 1924ರಲ್ಲಿ ಅಮೆರಿಕ ತನ್ನ ವಲಸೆಯ ಬಾಗಿಲನ್ನು ಬಹುಮಟ್ಟಿಗೆ ಮುಚ್ಚುವ ಹೊತ್ತಿಗೆ ಪೂರ್ವ ಯೂರೋಪಿನಿಂದ 20 ಲಕ್ಷಕ್ಕೂ ಹೆಚ್ಚು ಯೆಹೂದಿಗಳು ಅಲ್ಲಿಗೆ ಬಂದಿದ್ದರು. ಅವರಲ್ಲಿ ಬಹಳಷ್ಟು ಜನ ಮೊದಲು ಕಾಲೂರಿದ ಜಾಗ ಮ್ಯಾನ್‌ಹಾಟನ್ನಿನ ಆಗ್ನೇಯ ಮೂಲೆಯ ಲೋಯರ್ ಈಸ್ಟ್ ಸೈಡ್.

ಆ ಕೇರಿಯಲ್ಲಿ ಐದಾರು ಮಹಡಿಯ ವಠಾರಗಳು ಒಂದಕ್ಕೊಂದು ಆತುಕೊಂಡು ನಿಂತಿದ್ದವು. ಒಳಗಿನ ಕೋಣೆಗಳಿಗೆ ಗಾಳಿಯಿಲ್ಲ, ಬೆಳಕಿಲ್ಲ. ಎರಡು ಕೋಣೆಯಲ್ಲಿ ಒಂದು ಸಂಸಾರ, ಅದರ ಜೊತೆಗೆ ಬಾಡಿಗೆಯ ಭಾರ ಇಳಿಸಲು ಇಟ್ಟುಕೊಂಡ ಪರವೂರಿನ ಒಬ್ಬಿಬ್ಬರು. ಹಗಲಲ್ಲಿ ಅದೇ ಕೋಣೆ ಹೊಲಿಗೆಯ ಕಾರ್ಖಾನೆಯಾಗುತ್ತಿತ್ತು. ಗಂಡಸರು ಮಿಷನ್ ತುಳಿಯುತ್ತಿದ್ದರು, ಹೆಂಗಸರು ಅಂಚು ಹೊಲಿಯುತ್ತಿದ್ದರು, ಮಕ್ಕಳು ಗುಂಡಿ ಹಚ್ಚುತ್ತಿದ್ದರು. ಮನೆಯ ಮಾತು ಯಿಡ್ಡಿಷ್. ಬೀದಿಯಲ್ಲಿ ಅದರ ಜೊತೆ ರಷ್ಯನ್, ಪೋಲಿಷ್, ಇಟಾಲಿಯನ್ ಕೇಳಿಸುತ್ತಿತ್ತು.

1893ರಲ್ಲಿ ಅಲ್ಲಿನ ವಲಸೆ ಬಂದ ಹೆಂಗಸರಿಗೆ ಮನೆಯಲ್ಲಿ ರೋಗಿಯ ಶುಶ್ರೂಷೆ ಹೇಗೆಂದು ಕಲಿಸಲು ಲಿಲಿಯನ್ ವಾಲ್ಡ್ ಎಂಬ 26ರ ನರ್ಸ್ ಬಂದಿದ್ದಳು. ಅವಳೂ ಯೆಹೂದಿಯೇ, ಆದರೆ ಬೇರೆ ನೆಲೆಯವಳು. ಸಿನ್ಸಿನಾಟಿಯಲ್ಲಿ ಹುಟ್ಟಿ ರಾಚೆಸ್ಟರಿನ ಅನುಕೂಲಸ್ಥ ಮನೆಯಲ್ಲಿ ಬೆಳೆದ, ಜರ್ಮನ್ ಮೂಲದ ಕುಟುಂಬದ ಹುಡುಗಿ. ಒಂದು ದಿನ ಪಾಠದ ನಡುವೆ ಒಂದು ಮಗು ಬಂದು, ಅಮ್ಮನಿಗೆ ಹುಷಾರಿಲ್ಲ ಎಂದು ಕರೆಯಿತು. ಮಗುವಿನ ಹಿಂದೆ ಮುರುಕು ರಸ್ತೆ, ಕಸದ ರಾಶಿ, ಕೊಳಕು ಮೆಟ್ಟಿಲು ದಾಟಿ ಲಡ್ಲೋ ಸ್ಟ್ರೀಟಿನ ಒಂದು ವಠಾರಕ್ಕೆ ಹೋದರೆ, ಹೆತ್ತು ಎರಡು ದಿನವಾಗಿದ್ದ ಬಾಣಂತಿಯೊಬ್ಬಳು ರಕ್ತಸ್ರಾವದಿಂದ ಹಾಸಿಗೆಯಲ್ಲಿ ಬಿದ್ದಿದ್ದಳು. ಏಳು ಜನರ ಆ ಸಂಸಾರ ಎರಡು ಕೋಣೆಯಲ್ಲಿತ್ತು. ಅದರಲ್ಲೇ ಬಾಡಿಗೆಗಿದ್ದವರೂ ಇದ್ದರು. ವಾಲ್ಡ್ ಅವಳಿಗೆ ಸ್ನಾನ ಮಾಡಿಸಿದಳು, ಹಾಸಿಗೆ ಬದಲಾಯಿಸಿದಳು, ನೆಲ ತೊಳೆದಳು. ಅವತ್ತಿನಿಂದ ಅವಳ ದಾರಿಯೇ ಬದಲಾಯಿತು. ಓದುತ್ತಿದ್ದ ವೈದ್ಯಕೀಯ ಕಾಲೇಜನ್ನು ಬಿಟ್ಟು, ಮೇರಿ ಬ್ರೂಸ್ಟರ್ ಎಂಬ ಗೆಳತಿಯ ಜೊತೆ ಅದೇ ಕೇರಿಯಲ್ಲಿ ಮನೆ ಮಾಡಿದಳು.

ಬ್ಯಾಂಕರ್ ಜೇಕಬ್ ಶಿಫ್ 1895ರಲ್ಲಿ 265, ಹೆನ್ರಿ ಸ್ಟ್ರೀಟಿನ ಮನೆಯನ್ನು ಕೊಂಡು ಈ ನರ್ಸುಗಳಿಗೆ ಕೊಟ್ಟ. ಹೆನ್ರಿ ಸ್ಟ್ರೀಟ್ ಸೆಟಲ್‌ಮೆಂಟ್ ಬೆಳೆದದ್ದು ಅಲ್ಲಿಂದ. ಓದಿದವರು, ಉಳ್ಳವರು ಬಡವರ ಕೇರಿಯಲ್ಲೇ ಮನೆ ಮಾಡಿಕೊಂಡು, ನೆರೆಯವರಾಗಿ ಬಾಳುತ್ತಲೇ ಕೆಲಸ ಮಾಡುವುದು ಸೆಟಲ್‌ಮೆಂಟ್ ಚಳವಳಿಯ ಪದ್ಧತಿ. ಲಂಡನ್ನಿನ ಟಾಯ್ನ್‌ಬೀ ಹಾಲ್ 1884ರಲ್ಲಿ, ಷಿಕಾಗೋದಲ್ಲಿ ಜೇನ್ ಆಡಮ್ಸಳ ಹಲ್ ಹೌಸ್ 1889ರಲ್ಲಿ ಈ ಹಾದಿ ತೋರಿದ್ದವು. ಹೆನ್ರಿ ಸ್ಟ್ರೀಟಿನ ವಿಶೇಷವೆಂದರೆ ಅದರ ನರ್ಸುಗಳು. ಮೆಟ್ಟಿಲು ಹತ್ತಿ ಇಳಿಯುವ ತಾಪತ್ರಯ ತಪ್ಪಿಸಲು ಅವರು ಒಂದು ವಠಾರದ ತಾರಸಿಯಿಂದ ಪಕ್ಕದ ವಠಾರದ ತಾರಸಿಗೆ ದಾಟಿ ರೋಗಿಗಳನ್ನು ನೋಡುತ್ತಿದ್ದರು. 1913ರ ಹೊತ್ತಿಗೆ 90ಕ್ಕೂ ಹೆಚ್ಚು ನರ್ಸುಗಳು ವರ್ಷಕ್ಕೆ ಸುಮಾರು 2 ಲಕ್ಷ ಬಾರಿ ಮನೆಗಳಿಗೆ ಹೋಗಿಬರುತ್ತಿದ್ದರು.

ಔಷಧಿಯಷ್ಟೇ ಸಾಲದು ಎಂದು ವಾಲ್ಡ್‌ಗೆ ಬೇಗ ಅರಿವಾಯಿತು. ಮಗುವಿಗೆ ಕ್ಷಯ ಬಾರದಿರಬೇಕಾದರೆ ಗಾಳಿ ಬೇಕು, ಬಯಲು ಬೇಕು. ಹಿತ್ತಿಲನ್ನೇ ಆಟದ ಬಯಲು ಮಾಡಿದಳು. ಶಾಲೆಗೆ ನರ್ಸ್ ಬೇಕೆಂದು ವಾದಿಸಿದಳು. 1902ರಲ್ಲಿ ಅವಳ ಮನೆಯ ಲೀನಾ ರಾಜರ್ಸ್ ನ್ಯೂಯಾರ್ಕಿನ ಮೊದಲ ಶಾಲಾ ನರ್ಸ್ ಆದಳು. ಕಪ್ಪು ಜನಾಂಗದ ಹಕ್ಕುಗಳಿಗಾಗಿ 1909ರಲ್ಲಿ ಸೇರಿದ ಸಮ್ಮೇಳನದವರಿಗೆ ಎಲ್ಲ ಬಣ್ಣದವರೂ ಒಟ್ಟಿಗೆ ಕುಳಿತು ಉಣ್ಣಲು ಜಾಗ ಸಿಗುವುದು ದುಸ್ತರವಾಗಿದ್ದ ಕಾಲದಲ್ಲಿ, ಹೆನ್ರಿ ಸ್ಟ್ರೀಟಿನ ಊಟದ ಕೋಣೆ ಅವರನ್ನು ಬರಮಾಡಿಕೊಂಡಿತು. ಆ ಸಮ್ಮೇಳನದಿಂದಲೇ ಎನ್‌ಎಎಸಿಪಿ ಸಂಸ್ಥೆ ಹುಟ್ಟಿತು. ಬಡವರಿಗೆ ಅನ್ನ, ಆರೋಗ್ಯ ಮೊದಲು, ಆಟಪಾಟ ಆಮೇಲೆ ಎಂಬ ಲೆಕ್ಕವನ್ನು ವಾಲ್ಡ್ ಒಪ್ಪುತ್ತಿರಲಿಲ್ಲ. ಎರಡೂ ಒಂದೇ ಮನೆಯ ಕೆಲಸ ಎಂದೇ ಅವಳು ನಡೆದಳು.

ತಾಮ್ರದ ವ್ಯಾಪಾರಿಯ ಮಗಳು

ಆಲಿಸ್ ಲೂಯಿಸನ್ ಹುಟ್ಟಿದ್ದು 1883ರಲ್ಲಿ. ತಂದೆ ಲೆನರ್ಡ್ ಲೂಯಿಸನ್ ಹ್ಯಾಂಬರ್ಗಿನಿಂದ ಬಂದು ತಾಮ್ರದ ವ್ಯಾಪಾರದಲ್ಲಿ ಅಪಾರ ಹಣ ಮಾಡಿದವನು. ವಾಲ್ಡ್‌ಳ ಕೆಲಸಕ್ಕೆ ನೆರವಾದವರಲ್ಲಿ ಒಬ್ಬ. ಮಗಳನ್ನು ಹೆನ್ರಿ ಸ್ಟ್ರೀಟಿಗೆ ಮೊದಲು ಕರೆದುಕೊಂಡು ಹೋದವನೂ ಅವನೇ. ತಾಯಿ 1900ರಲ್ಲಿ, ತಂದೆ 1902ರಲ್ಲಿ ತೀರಿಕೊಂಡರು. ಮದುವೆಯಾಗಿ ದೊಡ್ಡ ಮನೆ ನಡೆಸಿಕೊಂಡು ಇರಬಹುದಾಗಿದ್ದ ವಯಸ್ಸಿನಲ್ಲಿ ಅಕ್ಕ ತಂಗಿಯರು ಸೆಟಲ್‌ಮೆಂಟಿನ ಸ್ವಯಂಸೇವಕಿಯರಾದರು. ಆಲಿಸ್ ನಾಟಕದ ಕಡೆ, ಐರೀನ್ ಕುಣಿತ ಮತ್ತು ಮೂಕಾಭಿನಯದ ಕಡೆ.

ಅಪ್‌ಟೌನಿನ, ಅಂದರೆ ನಗರದ ಮೇಲುಭಾಗದ, ಜರ್ಮನ್ ಯೆಹೂದಿಗಳಿಗೂ ಕೆಳಗಿನ ಕೇರಿಯ ರಷ್ಯನ್ ಯೆಹೂದಿಗಳಿಗೂ ನಡುವೆ ಇದ್ದದ್ದು ಬರೀ ದುಡ್ಡಿನ ಅಂತರವಲ್ಲ. ಮೊದಲು ಬಂದು ನೆಲೆಯಾದವರಿಗೆ ಹಿಂದೆ ಬಂದವರ ಗಡ್ಡ, ತಲೆವಸ್ತ್ರ, ಯಿಡ್ಡಿಷ್ ಮಾತು ಮುಜುಗರ ತರುತ್ತಿತ್ತು. ಇವರನ್ನು ಬೇಗ ಅಮೆರಿಕನ್ನರನ್ನಾಗಿ ಮಾಡಿಬಿಟ್ಟರೆ ಎಲ್ಲರಿಗೂ ಒಳ್ಳೆಯದು ಎಂಬ ಆತುರ ಆ ಕಾಲದ ದಾನಧರ್ಮದಲ್ಲಿ ಬೆರೆತಿತ್ತು. ನಾಟಕವೂ ಆ ಕೆಲಸಕ್ಕೆ ಒದಗುತ್ತಿತ್ತು. ಹತ್ತಿರದ ಈಸ್ಟ್ ಬ್ರಾಡ್‌ವೇಯಲ್ಲಿದ್ದ ಎಜುಕೇಷನಲ್ ಅಲಯನ್ಸ್ ಎಂಬ ಯೆಹೂದಿ ಸಂಸ್ಥೆಯಲ್ಲಿ ಆಲಿಸ್ ಮಿನ್ನಿ ಹರ್ಟ್ಸ್ 1903ರಲ್ಲಿ ಮಕ್ಕಳ ರಂಗಭೂಮಿ ತೆರೆದು ಶೇಕ್ಸ್‌ಪಿಯರನ ‘ಟೆಂಪೆಸ್ಟ್’ ಆಡಿಸಿದ್ದಳು. ಮಾರ್ಕ್ ಟ್ವೇನ್ ಅದರ ದೊಡ್ಡ ಅಭಿಮಾನಿ. ಒಳ್ಳೆಯ ಇಂಗ್ಲಿಷು, ಒಳ್ಳೆಯ ನಡೆ, ಒಳ್ಳೆಯ ಅಭಿರುಚಿ ಮಕ್ಕಳಿಗೆ ನಾಟಕದಿಂದ ಬರಲಿ ಎಂಬುದು ಅಲ್ಲಿನ ಆಸೆ. ಆ ಪ್ರಯೋಗ 1909ರಲ್ಲಿ ನಿಂತಿತು.

ಲೂಯಿಸನ್ ಸೋದರಿಯರು ಹಿಡಿದದ್ದು ಸ್ವಲ್ಪ ಬೇರೆ ದಾರಿ. ಮಕ್ಕಳ ಬಾಯಿಗೆ ಸಿದ್ಧ ಮಾತು ತುರುಕುವ ಬದಲು ಅವರ ಮನೆಗಳಲ್ಲಿ ಏನಿದೆ ಎಂದು ನೋಡಿದರು. ಏನಿರಲಿಲ್ಲ? ಹಬ್ಬಗಳಿದ್ದವು, ಅಜ್ಜಿಯರ ಹಾಡುಗಳಿದ್ದವು, ಮದುವೆಯ ಕುಣಿತಗಳಿದ್ದವು. ಬೇರೆ ಬೇರೆ ಜನಾಂಗಗಳ ಹಬ್ಬಗಳು, ಯೆಹೂದಿಗಳ ಪಾಸೋವರ್, ಋತುಗಳ ಕಥೆ — ಇವನ್ನೆಲ್ಲ ಹಾಡು, ಹೆಜ್ಜೆ, ಮೂಕಾಭಿನಯಗಳಲ್ಲಿ ಹೆಣೆದು ಹಬ್ಬದಾಟಗಳನ್ನು ಕಟ್ಟಿದರು. ಮಾತು ಕಡಿಮೆ, ಚಲನೆ ಹೆಚ್ಚು. ಇಂಗ್ಲಿಷ್ ಇನ್ನೂ ತೊದಲುತ್ತಿದ್ದ ಹುಡುಗಿಗೂ ಅದರಲ್ಲಿ ಪೂರ್ತಿ ಪಾತ್ರ ಸಿಗುತ್ತಿತ್ತು. ಬಟ್ಟೆಗೆ ಬಣ್ಣ ಹಾಕುವುದು, ವೇಷ ಹೊಲಿಯುವುದು, ಸಾಮಾನು ಮಾಡುವುದು ಎಲ್ಲ ಅಲ್ಲಿನ ಕ್ಲಬ್ಬುಗಳ ಹುಡುಗ ಹುಡುಗಿಯರದೇ. ಹಗಲೆಲ್ಲ ಕಾರ್ಖಾನೆಯಲ್ಲಿ ಕೂಲಿಗೆ ಸೂಜಿ ಹಿಡಿದ ಕೈ ಸಂಜೆ ಇಲ್ಲಿ ತನ್ನ ಖುಷಿಗೆ ಹಿಡಿಯುತ್ತಿತ್ತು.

ಆ ಸೂಜಿಯ ಹಿಂದಿನ ಲೋಕವನ್ನು ಮರೆಯಬಾರದು. 1909ರಲ್ಲಿ ಇದೇ ಕೇರಿಯ ಹೊಲಿಗೆ ಹುಡುಗಿಯರು ಸುಮಾರು 20 ಸಾವಿರ ಮಂದಿ ಮುಷ್ಕರ ಹೂಡಿದ್ದರು. 1911ರ ಮಾರ್ಚ್ 25ರಂದು ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಗೆ ಬೆಂಕಿ ಬಿದ್ದು, ಬೀಗ ಹಾಕಿದ ಬಾಗಿಲ ಹಿಂದೆ ಸಿಕ್ಕಿಕೊಂಡು 146 ಜನ ಸತ್ತರು. ಬಹುಪಾಲು ಯೆಹೂದಿ ಮತ್ತು ಇಟಾಲಿಯನ್ ಹುಡುಗಿಯರು. ಸಂಜೆಯ ತಾಲೀಮಿಗೆ ಬರುತ್ತಿದ್ದವರ ಅಕ್ಕಂದಿರು, ಗೆಳತಿಯರು ದುಡಿಯುತ್ತಿದ್ದದ್ದು ಇಂಥ ಕಾರ್ಖಾನೆಗಳಲ್ಲೇ. ಹಾಗಾಗಿ ಹಬ್ಬದಾಟ ಆ ಹುಡುಗಿಯರಿಗೆ ಹೊತ್ತು ಕಳೆಯುವ ಸಂಗತಿಯಾಗಿರಲಿಲ್ಲ. ದಿನದಲ್ಲಿ ಅವರ ಮೈ ಅವರದಾಗಿರುತ್ತಿದ್ದದ್ದು ಆ ಒಂದೆರಡು ಗಂಟೆ ಮಾತ್ರ.

ಬೀದಿಯೇ ರಂಗವಾದ ವರ್ಷ

1913ರ ಜೂನಿನಲ್ಲಿ ಸೆಟಲ್‌ಮೆಂಟಿಗೆ 20 ತುಂಬಿತು. ಲೂಯಿಸನ್ ಸೋದರಿಯರು ಹೆನ್ರಿ ಸ್ಟ್ರೀಟನ್ನೇ ರಂಗ ಮಾಡಿ ಒಂದು ದೊಡ್ಡ ಮೆರವಣಿಗೆಯಾಟ ಆಡಿಸಿದರು. ವಸ್ತು ಆ ಬೀದಿಯದೇ ಚರಿತ್ರೆ. ಮೊದಲು ಆ ನೆಲದ ಮೂಲನಿವಾಸಿಗಳು, ಆಮೇಲೆ ಡಚ್ಚರು, ಇಂಗ್ಲಿಷರು, ಐರಿಷರು, ಜರ್ಮನರು, ಇಟಾಲಿಯನ್ನರು, ರಷ್ಯದಿಂದ ಬಂದ ಯೆಹೂದಿಗಳು: ಒಬ್ಬರಾದ ಮೇಲೆ ಒಬ್ಬರು ತಮ್ಮ ಹಾಡು ಕುಣಿತಗಳೊಂದಿಗೆ ಬಂದರು. ಆಡಿದವರು ನೆರೆಯವರು, ಕಿಟಕಿಗಳಲ್ಲಿ, ಮಾಡುಗಳ ಮೇಲೆ, ಬೆಂಕಿ ಬಿದ್ದಾಗ ಇಳಿಯುವ ಹೊರಮೆಟ್ಟಿಲುಗಳಲ್ಲಿ ತುಂಬಿಕೊಂಡು ನೋಡಿದವರೂ ನೆರೆಯವರು. ಆ ಆಟ ಹೇಳಿದ್ದು ಇಷ್ಟೇ: ಮೂಲನಿವಾಸಿಗಳನ್ನು ಬಿಟ್ಟರೆ ಈ ಬೀದಿಗೆ ಎಲ್ಲರೂ ಹೊರಗಿನಿಂದಲೇ ಬಂದವರು, ಕಡೆಗೆ ಬಂದವರ ಪಾಲು ಮೊದಲು ಬಂದವರಿಗಿಂತ ಕಡಿಮೆಯಲ್ಲ. ವಲಸಿಗರನ್ನು ತಡೆಯಬೇಕೆಂಬ ಕೂಗು ಅಮೆರಿಕದಲ್ಲಿ ಏಳುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಅಲ್ಲಿಯವರೆಗೆ ಆಟಗಳು ನಡೆಯುತ್ತಿದ್ದ ಊಟದ ಕೋಣೆ, ವ್ಯಾಯಾಮದ ಕೋಣೆ, ಬಾಡಿಗೆ ಸಭಾಂಗಣ ಯಾವುದೂ ಇನ್ನು ಸಾಲದಾಯಿತು. ಅಕ್ಕ ತಂಗಿಯರು ತಮ್ಮ ಹಣದಲ್ಲೇ 466, ಗ್ರಾಂಡ್ ಸ್ಟ್ರೀಟಿನಲ್ಲಿ ರಂಗಮಂದಿರ ಕಟ್ಟಿಸಿದರು. ಮೂರು ಮಹಡಿಯ ಇಟ್ಟಿಗೆಯ ಕಟ್ಟಡ, ಸುಮಾರು 400 ಆಸನ, ಮೇಲೆ ತಾಲೀಮಿಗೂ ತರಗತಿಗಳಿಗೂ ಜಾಗ. ನಕ್ಷೆ ಮಾಡಿದವರು ಹ್ಯಾರಿ ಇಂಗಲ್ಸ್ ಮತ್ತು ಬರಲ್ ಹಾಫ್‌ಮನ್. ಅಬ್ರಹಾಂ ಲಿಂಕನ್ನನ ಜನ್ಮದಿನದಂದು, 1915ರ ಫೆಬ್ರುವರಿ 12ರಂದು, ಬಾಗಿಲು ತೆರೆಯಿತು. ವಾಲ್ಡ್ ತನ್ನ ‘ದ ಹೌಸ್ ಆನ್ ಹೆನ್ರಿ ಸ್ಟ್ರೀಟ್’ ಪುಸ್ತಕ ಹೊರತಂದದ್ದೂ ಅದೇ ವರ್ಷ.

ಮೊದಲ ಪ್ರಯೋಗಕ್ಕೆ ಅವರು ಆರಿಸಿದ್ದು ‘ಜೆಫ್ತಾನ ಮಗಳು’. ಹೀಬ್ರೂ ಬೈಬಲ್ಲಿನ ನ್ಯಾಯಸ್ಥಾಪಕರ ಗ್ರಂಥದ ಕಥೆ ಇದು. ಯುದ್ಧದಲ್ಲಿ ಗೆದ್ದರೆ, ಮನೆಗೆ ಮರಳಿದಾಗ ಮೊದಲು ನನ್ನೆದುರು ಬರುವುದನ್ನು ದೇವರಿಗೆ ಬಲಿ ಕೊಡುತ್ತೇನೆಂದು ಜೆಫ್ತಾ ಹರಕೆ ಹೊರುತ್ತಾನೆ. ಗೆದ್ದು ಬಂದಾಗ ತಮಟೆ ಬಾರಿಸುತ್ತಾ, ಕುಣಿಯುತ್ತಾ ಎದುರು ಬಂದವಳು ಅವನ ಒಬ್ಬಳೇ ಮಗಳು. ಎರಡು ತಿಂಗಳು ಗೆಳತಿಯರ ಜೊತೆ ಬೆಟ್ಟದಲ್ಲಿ ಅತ್ತು ಬರಲು ಅವಕಾಶ ಕೇಳಿ, ತಿರುಗಿ ಬಂದು ಹರಕೆಗೆ ಕತ್ತು ಕೊಡುತ್ತಾಳೆ. ಬೈಬಲ್ಲಿನಲ್ಲಿ ಅವಳಿಗೆ ಹೆಸರೂ ಇಲ್ಲ. ಕೇರಿಗೆ ಗೊತ್ತಿದ್ದ ಕಥೆ. ಕುಣಿತವನ್ನು ಒಳಗೇ ಇಟ್ಟುಕೊಂಡಿರುವ ಕಥೆ. ಒಬ್ಬಳು ನಾಯಕಿಯ ಜೊತೆಗೆ ಒಂದು ಗುಂಪು ಹುಡುಗಿಯರಿಗೆಲ್ಲ ಕೆಲಸವಿರುವ ಕಥೆ. ಸೋದರಿಯರು ಹತ್ತು ವರ್ಷದಿಂದ ಮಾಡಿಕೊಂಡು ಬಂದದ್ದಕ್ಕೆ ಇದಕ್ಕಿಂತ ಒಪ್ಪುವ ವಸ್ತು ಸಿಕ್ಕುತ್ತಿರಲಿಲ್ಲ.

ಮೊದಲ ವರ್ಷಗಳಲ್ಲಿ ಟಿಕೆಟ್ಟಿಗೆ 25 ಇಲ್ಲವೆ 50 ಸೆಂಟು. ವಾರದ ನಡುವೆ ಸಿನಿಮಾ, ವಾರದ ಕೊನೆಗೆ ನಾಟಕ. ಆಡುವವರು ನೇಬರ್‌ಹುಡ್ ಪ್ಲೇಯರ್ಸ್ ಎಂಬ ಹವ್ಯಾಸಿ ತಂಡ ಮತ್ತು ಐರೀನಳ ಫೆಸ್ಟಿವಲ್ ಡಾನ್ಸರ್ಸ್. ಆಡಳಿತವೂ ಹೆಚ್ಚಾಗಿ ಹೆಂಗಸರ ಕೈಯಲ್ಲೇ: ವ್ಯವಹಾರ ನೋಡಿಕೊಂಡವಳು ವಕೀಲೆ ಹೆಲೆನ್ ಆರ್ಥರ್, ನಿರ್ದೇಶನದಲ್ಲಿ ಆಗ್ನೆಸ್ ಮಾರ್ಗನ್, ವೇಷಭೂಷಣಕ್ಕೆ ಏಲೀನ್ ಬರ್ನ್‌ಸ್ಟೈನ್. ಅಮೆರಿಕದಲ್ಲಿ ಎಲ್ಲೆಡೆ ಹೆಂಗಸರಿಗೆ ಮತದ ಹಕ್ಕು ಬಂದದ್ದು 1920ರಲ್ಲಿ. ಅದಕ್ಕೆ ಐದು ವರ್ಷ ಮೊದಲೇ ಗ್ರಾಂಡ್ ಸ್ಟ್ರೀಟಿನಲ್ಲಿ ಹೆಂಗಸರು ಒಂದು ರಂಗಮಂದಿರವನ್ನು ಗಲ್ಲಾದಿಂದ ಪರದೆಯವರೆಗೆ ನಡೆಸುತ್ತಿದ್ದರು.

1916ರಲ್ಲಿ ಐರಿಷ್ ಲೇಖಕ ಲಾರ್ಡ್ ಡನ್ಸೇನಿಯ ‘ಎ ನೈಟ್ ಅಟ್ ಆ್ಯನ್ ಇನ್’ ಮೊದಲ ಬಾರಿಗೆ ರಂಗವೇರಿದ್ದು ಇಲ್ಲೇ. ದೂರದ ಗುಡಿಯೊಂದರ ವಿಗ್ರಹದ ಕಣ್ಣಿನ ಮಾಣಿಕ್ಯ ಕದ್ದು ಇಂಗ್ಲೆಂಡಿಗೆ ಬಂದ ಕಳ್ಳರನ್ನು ಆ ಗುಡಿಯ ಪೂಜಾರಿಗಳು, ಅವರ ಹಿಂದೆಯೇ ಆ ದೇವರೂ ಬೆನ್ನಟ್ಟುವ ಸಣ್ಣ ನಾಟಕ. ಅದೇ ವರ್ಷ ಬರ್ನಾರ್ಡ್ ಷಾನ ‘ಗ್ರೇಟ್ ಕ್ಯಾಥರಿನ್’ ಆಡಿದರು. ಊರಿನ ಪತ್ರಿಕೆಗಳು ಈ ಕಡೆ ತಿರುಗಿ ನೋಡತೊಡಗಿದವು. ಸಂತೋಷದ ಸಂಗತಿಯೇ, ತೊಡಕು ಶುರುವಾದದ್ದೂ ಅಲ್ಲಿಂದಲೇ.

ಸಂಬಳದ ನಟರು ಬಂದಾಗ

ದಿನವಿಡೀ ದುಡಿದು ಬಂದವರು ಸಂಜೆ ತಾಲೀಮು ಮಾಡಿ ವಾರಕ್ಕೆರಡು ದಿನ ಆಡಬಲ್ಲರು. ವಿಮರ್ಶಕರು ಬಂದು ಹೊಗಳಿದ ನಾಟಕವನ್ನು ವಾರಗಟ್ಟಲೆ ದಿನವೂ ಆಡಲಾರರು. ಷಾ, ಗಾಲ್ಸ್‌ವರ್ದಿಯವರ ಮಾತಿನ ನಾಟಕಕ್ಕೆ ಬೇಕಾದ ನಾಲಿಗೆಯ ಸಾಧನೆ ಎಲ್ಲರಿಗೂ ದಕ್ಕುವುದಿಲ್ಲ. ಒಳ್ಳೆಯದನ್ನು ಇನ್ನೂ ಒಳ್ಳೆಯದಾಗಿ ಮಾಡಬೇಕೆಂಬ ಆಸೆ ಆಲಿಸ್‌ಗಿತ್ತು. ಕಲೆಯಲ್ಲಿ ಕೈಯಿಟ್ಟವರಿಗೆ ಆ ಆಸೆ ಇಲ್ಲದಿದ್ದರೆ ತಪ್ಪು. ಮೊದಲು ಒಬ್ಬಿಬ್ಬರು ವೃತ್ತಿನಟರು ಬಂದು ಹೋದರು. 1920ರಲ್ಲಿ ಗಾಲ್ಸ್‌ವರ್ದಿಯ ‘ದ ಮಾಬ್’ ಪ್ರಯೋಗದೊಂದಿಗೆ ಸಂಬಳದ ನಟರ ತಂಡವೇ ನೆಲೆಯಾಯಿತು. ಯುದ್ಧವನ್ನು ವಿರೋಧಿಸಿ ಮಾತಾಡಿದ ಒಬ್ಬ ರಾಜಕಾರಣಿಯನ್ನು ಗುಂಪು ಕೊಲ್ಲುವ ನಾಟಕ ಅದು. ಮೊದಲ ಮಹಾಯುದ್ಧದ ಕಾಲದಲ್ಲಿ ಶಾಂತಿಯ ಪರ ನಿಂತು, ವಾಲ್ಡ್ ಹಲವು ದಾನಿಗಳನ್ನು ಕಳೆದುಕೊಂಡಿದ್ದಳು. ಹೆನ್ರಿ ಸ್ಟ್ರೀಟಿನ ಮನೆಗೆ ಆ ವಸ್ತು ಹೊರಗಿನದಾಗಿರಲಿಲ್ಲ.

ಹವ್ಯಾಸಿಗಳನ್ನು ಯಾರೂ ಹೊರಗೆ ಹಾಕಲಿಲ್ಲ. ಹಬ್ಬದಾಟಗಳು ನಡೆದವು, ಮಕ್ಕಳ ತರಗತಿಗಳು ನಡೆದವು. ಆದರೂ ಮನೆಯ ನಡುಮನೆ ಕೈಬದಲಾಯಿಸಿತ್ತು. ರಂಗದ ಮೇಲೆ ನಿಲ್ಲುವವರು ಹೊರಗಿನವರಾದರು, ಕೇರಿಯವರು ಹೆಚ್ಚಾಗಿ ಬದಿಗೆ ಸರಿದರು. ಅವರಿಗೆ ನೋಡಲು ನಾಟಕಕ್ಕೇನೂ ಬರವಿರಲಿಲ್ಲ. ಬವರಿ ಮತ್ತು ಸೆಕೆಂಡ್ ಅವೆನ್ಯೂಗಳಲ್ಲಿ ಯಿಡ್ಡಿಷ್ ನಾಟಕ ಕಂಪನಿಗಳು ಮೆರೆಯುತ್ತಿದ್ದವು. ಅಲ್ಲಿ ಅಳು, ನಗು, ಹಾಡು, ಆರ್ಭಟ ಎಲ್ಲ ಧಾರಾಳ. ಪ್ರೇಕ್ಷಕರು ನಟರ ಜೊತೆ ಮಾತಾಡುತ್ತಿದ್ದರು, ತಿಂಡಿ ತಿನ್ನುತ್ತಿದ್ದರು, ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಳ್ಳುತ್ತಿದ್ದರು. ಲೂಯಿಸನ್ ಸೋದರಿಯರದು ಮೆಲುದನಿಯ, ಸಂಕೇತಗಳ, ಸೂಕ್ಷ್ಮದ ರಂಗಭೂಮಿ. ಕೇರಿಯ ರುಚಿಗೂ ಅವರ ರುಚಿಗೂ ನಡುವೆ ಇದ್ದ ಅಂತರವನ್ನು ಹಬ್ಬದಾಟಗಳಲ್ಲಿ ಕೂಡಿ ಮಾಡುವ ಕೆಲಸ ಮುಚ್ಚಿತ್ತು. ಆ ಕೂಡಿಕೆ ಸಡಿಲವಾದಾಗ ಅಂತರ ಎದ್ದು ಕಂಡಿತು.

1922-23ರ ಋತುವಿನಲ್ಲಿ ನಾಟಕ ನಿಲ್ಲಿಸಿ ಸೋದರಿಯರು ಪ್ರವಾಸ ಹೊರಟರು. ದಣಿವಾರಿಸಿಕೊಳ್ಳುವುದೂ ಇತ್ತು, ಮುಂದೇನು ಎಂದು ಯೋಚಿಸುವುದೂ ಇತ್ತು. ತಿರುಗಿ ಬಂದ ಮೇಲಿನ ವರ್ಷಗಳು ಪ್ಲೇಹೌಸಿನ ಅತಿ ಪ್ರಸಿದ್ಧ ವರ್ಷಗಳು.

ಚಾರುದತ್ತ, ಲಿಯಾ ಮತ್ತು ಬ್ರಾಡ್‌ವೇಯ ಅಣಕ

1924ರ ಡಿಸೆಂಬರಿನಲ್ಲಿ ಗ್ರಾಂಡ್ ಸ್ಟ್ರೀಟಿನಲ್ಲಿ ರಂಗಕ್ಕೆ ಬಂದದ್ದು ‘ದ ಲಿಟ್ಲ್ ಕ್ಲೇ ಕಾರ್ಟ್’, ಅಂದರೆ ಶೂದ್ರಕನ ‘ಮೃಚ್ಛಕಟಿಕ’. ಆರ್ಥರ್ ರೈಡರ್ 1905ರಲ್ಲಿ ಸಂಸ್ಕೃತದಿಂದ ಮಾಡಿದ್ದ ಅನುವಾದ ಅವರ ಕೈಯಲ್ಲಿತ್ತು. ಕೊಟ್ಟು ಕೊಟ್ಟು ಬಡವನಾದ ಚಾರುದತ್ತ, ಅವನನ್ನು ಒಲಿದ ಗಣಿಕೆ ವಸಂತಸೇನೆ, ನೆರೆಮನೆಯ ಚಿನ್ನದ ಬಂಡಿ ಕಂಡು ತನ್ನ ಮಣ್ಣಿನ ಬಂಡಿ ಬೇಡವೆಂದು ಅಳುವ ಮಗು, ಶಾಸ್ತ್ರೋಕ್ತವಾಗಿ ಕನ್ನ ಕೊರೆಯುವ ಶರ್ವಿಲಕ: ಇವರನ್ನೆಲ್ಲ ನ್ಯೂಯಾರ್ಕು ಅಚ್ಚರಿಯಿಂದ ನೋಡಿತು. ರಂಗಸಜ್ಜಿಕೆ, ವೇಷಗಳು ಏಲೀನ್ ಬರ್ನ್‌ಸ್ಟೈನಳವು. ಕಂಪನಿ ನಾಟಕಗಳಿಂದ ಹಿಡಿದು 1941ರ ‘ವಸಂತಸೇನಾ’ ಸಿನಿಮಾದವರೆಗೆ ಕನ್ನಡಿಗರು ಮತ್ತೆ ಮತ್ತೆ ಕಂಡ ಕಥೆ, ಮ್ಯಾನ್‌ಹಾಟನ್ನಿನ ಯೆಹೂದಿ ಕೇರಿಯಲ್ಲಿ ಹೀಗೆ ಹೊಸ ಜನರನ್ನು ಕಂಡುಕೊಂಡಿತು. ಅರಮನೆಯ ನಾಟಕಕ್ಕಿಂತ ಬೀದಿಯ ನಾಟಕವೆನಿಸುವ ‘ಮೃಚ್ಛಕಟಿಕ’ದಲ್ಲಿ ಜೂಜುಕೋರರು, ಗಾಡಿ ಹೊಡೆಯುವವರು, ಸಾಲಗಾರರು, ಬೀದಿಯ ಜಗಳ ಎಲ್ಲ ಇವೆ. ವಠಾರಗಳ ನಡುವಿನ ರಂಗಕ್ಕೆ ಭಾರತದಿಂದ ಒಂದು ನಾಟಕ ಬರಬೇಕಿದ್ದರೆ ಅದು ಇದೇ.

ಮರುವರ್ಷ, 1925ರ ಡಿಸೆಂಬರಿನಲ್ಲಿ, ‘ದ ಡಿಬ್ಬುಕ್’. ಬರೆದವನು ಅನ್‌ಸ್ಕಿ. 1912ರಿಂದ 1914ರವರೆಗೆ ಉಕ್ರೇನಿನ ವೊಲಿನಿಯಾ, ಪೊಡೋಲಿಯಾ ಸೀಮೆಗಳ ಯೆಹೂದಿ ಹಳ್ಳಿಗಳಲ್ಲಿ ತಿರುಗಿ ಹಾಡು, ಕಥೆ, ನಂಬಿಕೆಗಳನ್ನು ಕೂಡಿಹಾಕಿದವನು ಅವನು. ಪ್ರೀತಿಸಿದ ಹುಡುಗಿ ಲಿಯಾ ಬೇರೊಬ್ಬನಿಗೆ ನಿಶ್ಚಯವಾದಾಗ ಸತ್ತುಹೋದ ಹುಡುಗನೊಬ್ಬನ ಆತ್ಮ, ಮದುವೆಯ ದಿನ ಅವಳ ಮೈಮೇಲೆ ಬರುವ ಕಥೆ. 1920ರಲ್ಲಿ ಅನ್‌ಸ್ಕಿ ತೀರಿಕೊಂಡ ತಿಂಗಳೊಪ್ಪತ್ತಿನಲ್ಲೇ ವಾರ್ಸಾದಲ್ಲಿ ಮೊದಲ ಪ್ರಯೋಗವಾಯಿತು. ಮುಂದೆ ಮಾಸ್ಕೋದಲ್ಲಿ ಹಬೀಮಾ ತಂಡ ಹೀಬ್ರೂವಿನಲ್ಲಿ ಆಡಿ ಹೆಸರಾಯಿತು. ಗ್ರಾಂಡ್ ಸ್ಟ್ರೀಟಿನ ಇಂಗ್ಲಿಷ್ ಪ್ರಯೋಗವನ್ನು ಕಟ್ಟಲು ಹಬೀಮಾದಲ್ಲಿದ್ದ ಡೇವಿಡ್ ವಾರ್ಡಿ ಬಂದ. ಲಿಯಾಳ ಪಾತ್ರ ಮೇರಿ ಎಲಿಸ್‌ಳದು. ನೂರಕ್ಕೂ ಹೆಚ್ಚು ಪ್ರಯೋಗಗಳಾದವು.

ಇದೇ ನಾಟಕವನ್ನು ಕೇರಿಯವರು 1921ರಲ್ಲೇ ಮಾರಿಸ್ ಶ್ವಾರ್ಟ್ಸನ ಕಂಪನಿಯಲ್ಲಿ ತಮ್ಮ ಯಿಡ್ಡಿಷಿನಲ್ಲೇ ನೋಡಿದ್ದರು. ಅವರ ಅಜ್ಜಿಯರ ಊರಿನ ಕಥೆ ಈಗ ಇಂಗ್ಲಿಷಿನಲ್ಲಿ, ಊರಿನ ಇನ್ನೊಂದು ತುದಿಯಿಂದ ಬಂದ ಪ್ರೇಕ್ಷಕರಿಗಾಗಿ, ಅವರದೇ ಬೀದಿಯಲ್ಲಿ ಆಡುತ್ತಿತ್ತು. ಇದನ್ನು ಎರಡು ಬಗೆಯಲ್ಲಿ ನೋಡಬಹುದು. ಮುಜುಗರದ ವಸ್ತುವಾಗಿದ್ದ ಹಳ್ಳಿಯ ಯೆಹೂದಿ ಬಾಳು ಅಮೆರಿಕದ ದೊಡ್ಡ ಕಲೆಯಾಗಿ ನಿಂತದ್ದು ಸಣ್ಣ ಗೆಲುವಲ್ಲ. ಅಪ್‌ಟೌನಿನ ಯೆಹೂದಿ ಹೆಣ್ಣುಮಕ್ಕಳೇ ಅದನ್ನು ತಲೆಯೆತ್ತಿ ಆಡಿಸಿದರು. ಆದರೆ ಅದನ್ನು ಆಡಿಸುವ ಹೊತ್ತಿಗೆ ಆ ಬಾಳಿನವರಿಗೂ ರಂಗಕ್ಕೂ ಇದ್ದ ನಂಟು ತೆಳುವಾಗಿತ್ತು.

ಈ ಗಂಭೀರ ನಾಟಕಗಳಿಗಿಂತ ಹೆಚ್ಚು ಜನರನ್ನು ಎಳೆದದ್ದು ‘ಗ್ರಾಂಡ್ ಸ್ಟ್ರೀಟ್ ಫಾಲೀಸ್’. ಚಂದಾದಾರರ ಖುಷಿಗೆಂದು 1922ರಲ್ಲಿ ಮಾಡಿದ ತಮಾಷೆಯ ಆಟ. ಬ್ರಾಡ್‌ವೇಯ ತಾರೆಯರನ್ನೂ ನಾಟಕಗಳನ್ನೂ ಅಣಕಿಸುವುದು ಅದರ ಕೆಲಸ. 1924ರ ಹೊತ್ತಿಗೆ ಬ್ರಾಡ್‌ವೇಯೇ ತನ್ನ ಅಣಕ ನೋಡಿ ನಗಲು ಗ್ರಾಂಡ್ ಸ್ಟ್ರೀಟಿಗೆ ಬರುವಂತಾಯಿತು.

ತುಂಬಿದ ಮನೆಯ ನಷ್ಟ

ಇಷ್ಟಾದರೂ ಲೆಕ್ಕ ಕೂಡುತ್ತಿರಲಿಲ್ಲ. 400 ಆಸನದ ಮನೆ ದಿನವೂ ತುಂಬಿದರೂ, ಸಂಬಳದ ತಂಡ, ದೊಡ್ಡ ಸಜ್ಜಿಕೆ, ಸಂಗೀತ, ತಿಂಗಳುಗಟ್ಟಲೆ ತಾಲೀಮು ಇವುಗಳ ಖರ್ಚು ಟಿಕೆಟ್ಟಿನ ಹಣದಿಂದ ಏಳುತ್ತಿರಲಿಲ್ಲ. ಪ್ರತಿ ವರ್ಷದ ಕೊರತೆಯನ್ನು ತುಂಬುತ್ತಿದ್ದದ್ದು ಲೂಯಿಸನ್ ಮನೆತನದ ಹಣ. ಬೆಳೆಯಬೇಕಾದರೆ ದೊಡ್ಡ ಮಂದಿರಕ್ಕೆ, ಅಂದರೆ ಬ್ರಾಡ್‌ವೇಯ ಕಡೆಗೆ ಹೋಗಬೇಕು. ಹೋದರೆ ಹೆಸರಿನಲ್ಲಿರುವ ‘ನೇಬರ್‌ಹುಡ್’, ಅಂದರೆ ನೆರೆಹೊರೆ, ಎಲ್ಲಿ ಉಳಿಯುತ್ತದೆ?

ಆ ನೆರೆಹೊರೆಯೂ ಅಷ್ಟರಲ್ಲಿ ಬದಲಾಗಿತ್ತು. 1903ರಲ್ಲಿ ತೆರೆದ ವಿಲಿಯಮ್ಸ್‌ಬರ್ಗ್ ಸೇತುವೆ, ಆಮೇಲೆ ಬಂದ ಸಬ್‌ವೇ ರೈಲುಗಳು ನಾಲ್ಕು ಕಾಸು ಕೂಡಿಟ್ಟವರಿಗೆ ಬ್ರೂಕ್ಲಿನ್, ಬ್ರಾಂಕ್ಸ್‌ಗಳ ಗಾಳಿ ಬೆಳಕಿನ ಮನೆಗಳ ದಾರಿ ತೋರಿಸಿದವು. 1921 ಮತ್ತು 1924ರ ವಲಸೆ ಕಾನೂನುಗಳು ಹೊಸಬರು ಬರುವುದನ್ನು ತಡೆದವು. ಇದ್ದವರು ಹೊರಟರು, ಹೊಸಬರು ಬರಲಿಲ್ಲ. ಸೋದರಿಯರ ಬಾಳೂ ಬದಲಾಗಿತ್ತು: 1924ರಲ್ಲಿ ಆಲಿಸ್, ಪ್ಲೇಹೌಸಿಗೆ ಸಜ್ಜಿಕೆ ಮಾಡುತ್ತಿದ್ದ ಇಂಗ್ಲಿಷ್ ಕಲಾವಿದ ಹರ್ಬರ್ಟ್ ಕ್ರೌಲಿಯನ್ನು ಮದುವೆಯಾಗಿದ್ದಳು. 1927ರ ಋತು ಮುಗಿದ ಮೇಲೆ ಸೋದರಿಯರು ನಾಟಕ ನಿಲ್ಲಿಸಿದರು.

ಸ್ವಯಂಸೇವೆಯ ಒಂದು ಬಲಹೀನತೆ ಇಲ್ಲಿ ಕಾಣುತ್ತದೆ. ಒಬ್ಬರ ಕೈಯ ಉದಾರತೆಯಿಂದ ನಡೆಯುವ ಸಂಸ್ಥೆ, ಆ ಕೈ ದಣಿದ ದಿನ ನಿಲ್ಲುತ್ತದೆ. ಅದೇ ಮನೆಯ ನರ್ಸುಗಳ ಸೇವೆಗೆ ಹಾಗಾಗಲಿಲ್ಲ. ವಾಲ್ಡ್ ಅದಕ್ಕೆ ಸಣ್ಣ ಸಣ್ಣ ಶುಲ್ಕ, ಹಲವು ದಾನಿಗಳು, ವಿಮಾ ಕಂಪನಿಯ ಜೊತೆ ಒಪ್ಪಂದ ಎಂದು ನಾನಾ ಬೇರು ಇಳಿಸಿದ್ದಳು. ಅವಳು 1933ರಲ್ಲಿ ಹಿಂದೆ ಸರಿದಾಗಲೂ, 1940ರಲ್ಲಿ ತೀರಿಕೊಂಡಾಗಲೂ ಕೆಲಸ ನಡೆಯಿತು. 1944ರಲ್ಲಿ ಅದು ನ್ಯೂಯಾರ್ಕಿನ ವಿಸಿಟಿಂಗ್ ನರ್ಸ್ ಸರ್ವಿಸ್ ಎಂಬ ಸ್ವತಂತ್ರ ಸಂಸ್ಥೆಯಾಯಿತು. ಪ್ಲೇಹೌಸಿಗೆ ಇದ್ದದ್ದು ಒಂದೇ ಬೇರು.

ಸೋದರಿಯರ ಮುಂದಿನ ದಾರಿಗಳು ಬೇರೆಯಾದವು. ಐರೀನ್ 1928ರಲ್ಲಿ, ರೀಟಾ ಮಾರ್ಗೆಂಥಾವ್ ಜೊತೆಗೂಡಿ, ನೇಬರ್‌ಹುಡ್ ಪ್ಲೇಹೌಸ್ ಹೆಸರಿನಲ್ಲೇ ರಂಗಶಾಲೆ ತೆರೆದಳು. ಮಾರ್ತಾ ಗ್ರಹಾಂ ಅಲ್ಲಿ ಕುಣಿತ ಕಲಿಸಿದಳು. 1935ರಲ್ಲಿ ಬಂದ ಸ್ಯಾನ್‌ಫರ್ಡ್ ಮೈಸ್ನರ್ ಅಲ್ಲೇ ತನ್ನ ಅಭಿನಯ ಪದ್ಧತಿಯನ್ನು ಬೆಳೆಸಿದ. ಸಿನಿಮಾ ನಟ ಗ್ರೆಗರಿ ಪೆಕ್ ಆ ಶಾಲೆಯ ವಿದ್ಯಾರ್ಥಿ. ವೇಷಭೂಷಣದ ಮೇಲಿನ ಪ್ರೀತಿಯಿಂದ ಐರೀನ್ ಮತ್ತು ಏಲೀನ್ ಬರ್ನ್‌ಸ್ಟೈನ್ 1937ರಲ್ಲಿ ವಸ್ತ್ರಕಲೆಯ ಸಂಗ್ರಹಾಲಯ ಶುರು ಮಾಡಿದರು. ಐರೀನ್ 1944ರಲ್ಲಿ ತೀರಿಕೊಂಡಳು; ಎರಡು ವರ್ಷದ ಮೇಲೆ ಆ ಸಂಗ್ರಹ ಮೆಟ್ರೊಪಾಲಿಟನ್ ಮ್ಯೂಸಿಯಂ ಸೇರಿ ಕಾಸ್ಟ್ಯೂಮ್ ಇನ್‌ಸ್ಟಿಟ್ಯೂಟ್ ಆಯಿತು. ಇಂದು ವರ್ಷಕ್ಕೊಮ್ಮೆ ತಾರೆಯರ ಉಡುಗೆಗಾಗಿ ಜಗತ್ತೆಲ್ಲ ನೋಡುವ ಮೆಟ್ ಗಾಲಾ ಹಣ ಕೂಡಿಸುವುದು ಇದೇ ವಿಭಾಗಕ್ಕೆ. ಆಲಿಸ್ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸೇರಿ, ಮನಶ್ಶಾಸ್ತ್ರಜ್ಞ ಯುಂಗನ ಬಳಗದಲ್ಲಿ ಉಳಿದಳು. 1959ರಲ್ಲಿ ಪ್ಲೇಹೌಸಿನ ನೆನಪುಗಳನ್ನು ಪುಸ್ತಕ ಮಾಡಿ, 1972ರಲ್ಲಿ ತೀರಿಕೊಂಡಳು.

ಹಾಗಾದರೆ ಅದು ಯಾರ ರಂಗಮಂದಿರವಾಗಿತ್ತು? ಕಟ್ಟಡದ ಪತ್ರ ನೋಡಿದರೆ ಸೆಟಲ್‌ಮೆಂಟಿನದು. ಇಂದಿಗೂ ಹೆನ್ರಿ ಸ್ಟ್ರೀಟಿನವರ ಏಬ್ರನ್ಸ್ ಆರ್ಟ್ಸ್ ಸೆಂಟರಿನ ಭಾಗವಾಗಿ ಅಲ್ಲಿ ಪ್ರದರ್ಶನಗಳು ನಡೆಯುತ್ತವೆ. ಖರ್ಚಿನ ಪುಸ್ತಕ ನೋಡಿದರೆ ಲೂಯಿಸನ್ ಸೋದರಿಯರದು. ಪತ್ರಿಕೆಗಳ ಹೊಗಳಿಕೆ ನೋಡಿದರೆ ವೃತ್ತಿನಟರದು. ಆದರೆ ತರಗತಿಗಳಿಗೆ ಬಂದ ಮಕ್ಕಳನ್ನು ನೋಡಿದರೆ ಉತ್ತರ ಬೇರೆ.

ರಷ್ಯದಿಂದ ಬಂದ ಬಡ ಯೆಹೂದಿ ಮನೆಯ ಹೆಲೆನ್ ಬೆಕರ್, ಚಿಕ್ಕ ಹುಡುಗಿಯಾಗಿ ಐರೀನಳ ತರಗತಿಯಲ್ಲಿ ಕುಣಿತ ಶುರು ಮಾಡಿದಳು. ಮುಂದೆ ಟಮೀರಿಸ್ ಎಂಬ ಹೆಸರಿನಲ್ಲಿ ಅಮೆರಿಕದ ಆಧುನಿಕ ನೃತ್ಯದ ಮೊದಲ ಸಾಲಿಗೆ ಬಂದು, ಕಪ್ಪು ಜನರ ಹಾಡುಗಳನ್ನು ವಸ್ತುವಾಗಿಟ್ಟು ‘ನೀಗ್ರೋ ಸ್ಪಿರಿಚುವಲ್ಸ್’, ‘ಹೌ ಲಾಂಗ್ ಬ್ರೆದ್ರನ್’ ಕಟ್ಟಿದಳು. ಹೊಲಿಗೆ ಕಾರ್ಮಿಕೆಯ ಮಗಳು ಆ್ಯನಾ ಸೋಕಲೋ ಹದಿಹರೆಯದಲ್ಲಿ ಗ್ರಾಂಡ್ ಸ್ಟ್ರೀಟಿನ ಮೆಟ್ಟಿಲು ಹತ್ತಿದಳು. 1955ರಲ್ಲಿ ಅವಳು ಮಾಡಿದ ‘ರೂಮ್ಸ್’ ದೊಡ್ಡ ನಗರದ ಸಣ್ಣ ಕೋಣೆಗಳಲ್ಲಿ ಒಂಟಿಯಾಗಿ ಬದುಕುವವರ ನೃತ್ಯ. 1961ರ ‘ಡ್ರೀಮ್ಸ್’ ನಾಝಿ ಶಿಬಿರಗಳ ದುಃಸ್ವಪ್ನ.

ಈ ಇಬ್ಬರನ್ನೂ ಯಾರೂ ಉದ್ಧಾರ ಮಾಡಲಿಲ್ಲ. ಮೈಯನ್ನು ಹೇಗೆ ಬಳಸಬೇಕೆಂಬ ಪಾಠ, ತಾಲೀಮಿಗೆ ಒಂದು ಜಾಗ, ತಮ್ಮ ಮನೆಯ ಬಾಳೂ ಕಲೆಗೆ ವಸ್ತುವಾಗಬಲ್ಲದೆಂಬ ಧೈರ್ಯ ಅವರಿಗೆ ಅಲ್ಲಿ ಸಿಕ್ಕಿತು. ಉಳಿದದ್ದನ್ನು ಅವರೇ ಮಾಡಿಕೊಂಡರು. ಕಲಿಸಿದವರು ಊಹಿಸದ, ಬಹುಶಃ ಅವರ ಮೆಲುದನಿಗೆ ಒಗ್ಗದ ಕಡೆಗೂ ಕೊಂಡೊಯ್ದರು. ಸೇವೆಗೆಂದು ಬಂದವರು ಕೊಟ್ಟದ್ದು ಕೊಟ್ಟವರ ಹಿಡಿತ ಮೀರಿ ಪಡೆದವರದಾದಾಗಲೇ ಅದು ನಿಜವಾಗಿ ಸಂದಿತು ಎನ್ನಬಹುದು. ಆ ಅಳತೆಯಲ್ಲಿ ನೋಡಿದರೆ ಆಲಿಸ್ ಲೂಯಿಸನ್ನಳ ಹೆಚ್ಚಿನ ಸಾಧನೆ ‘ಡಿಬ್ಬುಕ್’ ಅಲ್ಲ, ‘ಮೃಚ್ಛಕಟಿಕ’ವೂ ಅಲ್ಲ. ಪತ್ರಿಕೆಗಳು ಬರೆಯದೆ ಬಿಟ್ಟ ಸಂಜೆಯ ತರಗತಿಗಳು.